ಹಡಗಿನಲ್ಲಿ ಸುಟ್ಟುಹೋದವರೂ ಆ ಕಾಲದವರೇ

ತಮ್ಮಾ, ‘ಆ ಕಾಲದಲ್ಲಿ ಅದೆಲ್ಲ ನಡೆಯುತ್ತಿತ್ತು, ಈಗಿನ ಕಣ್ಣಿನಿಂದ ನೋಡಬಾರದು’ ಎಂಬ ಮಾತು ನಿನ್ನ ಕಿವಿಗೆ ಬಿದ್ದಾಗಲೆಲ್ಲ ಒಂದು ಪ್ರಶ್ನೆ ಕೇಳು: ಆ ಕಾಲದವರು ಎಂದರೆ ಯಾರು? ಕಡಲು ದಾಟಿ ಬಂದ ಕಪ್ತಾನನೊಬ್ಬನೇ ಆ ಕಾಲದವನಲ್ಲ. ಅವನ ಕೈಯಲ್ಲಿ ಸತ್ತವರೂ ಅದೇ ಕಾಲದವರು. ಅವನ ಹಡಗುಗಳಲ್ಲೇ ಕೂತು ಬರೆಯುತ್ತಿದ್ದ ಕಾರಕೂನನೂ ಅದೇ ಕಾಲದವನು. ಇವರೆಲ್ಲರ ಮಾತು ಕೇಳಿದ ಮೇಲೆ ಬೇಕಾದರೆ ನಮ್ಮ ಕಾಲದ ಅಳತೆಗೋಲು ಹೊರತೆಗೆಯೋಣ. ಬಹಳ ಸಲ ಅದರ ಅಗತ್ಯವೇ ಬೀಳುವುದಿಲ್ಲ.

ನೀವು ಹುಡುಗರು ಈ ವಿಷಯಕ್ಕೆ ಎರಡು ಪಂಗಡವಾಗಿ ಕಾದಾಡುವುದನ್ನು ನೋಡುತ್ತೇನೆ. ಒಬ್ಬ ಮೂರ್ತಿ ಕೆಡವಿ ಎನ್ನುತ್ತಾನೆ, ಇನ್ನೊಬ್ಬ ಇತಿಹಾಸವನ್ನು ಮುಟ್ಟಬೇಡಿ ಎನ್ನುತ್ತಾನೆ. ಇಬ್ಬರ ದನಿಯೂ ದೊಡ್ಡದು, ಓದು ಸಣ್ಣದು. ಮೂವತ್ತು ಚಿಲ್ಲರೆ ವರ್ಷ ಮಾಸ್ತರಿಕೆ ಮಾಡಿದವನಿಗೆ ಇದು ಗೊತ್ತಾಗದೆ ಹೋಗುವುದಿಲ್ಲ. ಹಾಗಾಗಿ ನಮ್ಮ ಕರಾವಳಿಯನ್ನೇ ಹಾದುಹೋದ ಒಬ್ಬನನ್ನು ಹಿಡಿದು ಮಾತಾಡುತ್ತೇನೆ. ವಾಸ್ಕೋ ಡ ಗಾಮ.

ಅವನಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡೋಣ. 1497ರ ಜುಲೈಯಲ್ಲಿ ಲಿಸ್ಬನ್ ಬಿಟ್ಟವನು ಅಟ್ಲಾಂಟಿಕ್ ಸಾಗರದಲ್ಲಿ ಮೂರು ತಿಂಗಳು ನೆಲದ ಮುಖ ಕಾಣದೆ ಸಾಗಿದ. ಆಫ್ರಿಕದ ತುದಿ ಬಳಸಿ, ಮಾಲಿಂದಿಯಲ್ಲಿ ದಾರಿ ಬಲ್ಲ ನಾವಿಕನೊಬ್ಬನನ್ನು ಹತ್ತಿಸಿಕೊಂಡು, 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ವಸಡು ಕೊಳೆಯುವ ಸ್ಕರ್ವಿ ರೋಗ ಅವನ ಜನರನ್ನು ತಿಂದುಹಾಕಿತು. ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಊರಿಗೆ ಮರಳಲಿಲ್ಲ. ವಾಪಸು ಹೋಗುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿ ಹಡಗು ದುರಸ್ತಿ ಮಾಡಿಕೊಂಡ. ಮುಂಗಾರು ಗಾಳಿ ತಿರುಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಅಕ್ಟೋಬರಿನಲ್ಲಿ ಹೊರಟು ಅರಬ್ಬೀ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಒದ್ದಾಡಿದ. ಕರಾವಳಿಯ ಯಾವ ಮೀನುಗಾರನನ್ನು ಕೇಳಿದ್ದರೂ ಬೇಡವೆನ್ನುತ್ತಿದ್ದ. ಆದರೂ ಆ ಧೈರ್ಯ, ಆ ಹಟ ಸುಳ್ಳಲ್ಲ.

ಅವನ ಅಜ್ಞಾನವನ್ನೂ ಕ್ಷಮಿಸಿಬಿಡು. ಕಲ್ಲಿಕೋಟೆಯಲ್ಲಿ ದೇವಸ್ಥಾನವೊಂದನ್ನು ಕಂಡು ಇಗರ್ಜಿಯೆಂದು ತಿಳಿದು ಅವನ ಜನ ಪ್ರಾರ್ಥನೆ ಮಾಡಿದರು. ಗೋಡೆಯ ಮೇಲಿದ್ದ ನಾಲ್ಕೈದು ಕೈಗಳ, ಹೊರಚಾಚಿದ ಹಲ್ಲುಗಳ ದೇವತೆಗಳನ್ನು ಸಂತರೆಂದುಕೊಂಡರು. ಅಲ್ಲಿನ ರಾಜ ಸಾಮೂದಿರಿಗೆ ಕೊಡಲೆಂದು ತಂದ ಟೊಪ್ಪಿ, ಬಟ್ಟೆ, ಕೈತೊಳೆಯುವ ಬೋಗುಣಿ, ಜೇನು, ಎಣ್ಣೆಗಳನ್ನು ಕಂಡು ಅರಮನೆಯ ಅಧಿಕಾರಿಗಳು ನಕ್ಕರು. ನೀನೂ ನಗು. ತಿಳಿಯದ್ದಕ್ಕೆ ಯಾರನ್ನೂ ಕಟಕಟೆಗೆ ತರಬಾರದು.

ಈಗ 1502ಕ್ಕೆ ಬಾ. ನಾನು ಶಾಲೆಯಲ್ಲಿ ಓದಿದ ಪುಸ್ತಕದಲ್ಲಿ ಈ ಇಸವಿ ಇರಲಿಲ್ಲ. ಎರಡನೇ ಸಲ ಬಂದಾಗ ಗಾಮನ ಹತ್ತಿರ ದೊಡ್ಡ ಪಡೆಯಿತ್ತು, ತೋಪುಗಳಿದ್ದವು. ಬರುವ ದಾರಿಯಲ್ಲಿ ಹೊನ್ನಾವರದಲ್ಲಿ ತಿಮ್ಮಯ್ಯ ಎಂಬ ಕಡಲ ನಾಯಕನ ಹಡಗುಗಳನ್ನು ಸುಟ್ಟ, ಭಟ್ಕಳದವರನ್ನು ಬೆದರಿಸಿ ವರ್ಷವರ್ಷವೂ ಅಕ್ಕಿಯ ಕಪ್ಪ ಕೊಡುವಂತೆ ಒಪ್ಪಿಸಿದ ಎಂದು ಪೋರ್ಚುಗೀಸ್ ಚರಿತ್ರೆಕಾರ ಗಾಸ್ಪಾರ್ ಕೊರಿಯಾ ಬರೆದಿದ್ದಾನೆ. ಅಲ್ಲಿಂದ ಮುಂದೆ ಕಣ್ಣೂರಿನ ಬಳಿ, ಏಳಿಮಲೆಯ ಎದುರು ಕಡಲಿನಲ್ಲಿ ಹೊಂಚುಹಾಕಿ ನಿಂತ. ಸೆಪ್ಟೆಂಬರ್ ಕೊನೆಯಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಕಲ್ಲಿಕೋಟೆಗೆ ಮರಳುತ್ತಿದ್ದ ‘ಮಿರಿ’ ಎಂಬ ಹಡಗು ಸಿಕ್ಕಿಬಿತ್ತು. ಅದರಲ್ಲಿ ನೂರಾರು ಮಂದಿ. ಶ್ರೀಮಂತ ವರ್ತಕರಿದ್ದರು, ಹೆಂಗಸರಿದ್ದರು, ಎಳೆ ಮಕ್ಕಳಿದ್ದರು.

ಹಡಗಿನವರು ಮೊದಲು ಜಗಳಕ್ಕೆ ನಿಲ್ಲಲಿಲ್ಲ. ಅವರಲ್ಲಿ ಎಲ್ಲರಿಗಿಂತ ಸಿರಿವಂತನಾದ ಜೌಹರ್ ಅಲ್ ಫಕೀಹ್ ಎಂಬ ವರ್ತಕ ಬಿಡುಗಡೆಯ ಹಣ ಕೊಡುತ್ತೇನೆಂದ. ನಿಮ್ಮ ಹಡಗುಗಳಿಗೆ ಮೆಣಸು ತುಂಬಿಸಿಕೊಡುತ್ತೇನೆ, ಕಲ್ಲಿಕೋಟೆಯೊಂದಿಗೆ ಸಂಧಾನ ಮಾಡಿಸುತ್ತೇನೆ ಎಂದ. ಗಾಮ ಒಪ್ಪಲಿಲ್ಲ. ಹಡಗಿನಲ್ಲಿದ್ದ ಸಾಮಾನು ಸುಲಿದುಕೊಂಡು, ಜನರನ್ನು ಒಳಗೇ ಬಿಟ್ಟು ಬೆಂಕಿ ಇಡಿಸಿದ. ಒಳಗಿದ್ದವರು ಬೆಂಕಿ ಆರಿಸಿದರು, ಕೈಗೆ ಸಿಕ್ಕ ಕಲ್ಲುಗಳಿಂದ ಎದುರಿಸಿದರು. ಹೆಂಗಸರು ತಮ್ಮ ಒಡವೆ ಎತ್ತಿ ತೋರಿಸಿದರು, ಕೂಸುಗಳನ್ನು ಎತ್ತಿಹಿಡಿದು ಇವಕ್ಕಾದರೂ ಕರುಣೆ ತೋರಿ ಎಂದು ಸನ್ನೆಯಿಂದ ಬೇಡಿದರು. ಗಾಮ ತನ್ನ ಹಡಗಿನ ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಅಕ್ಟೋಬರ್ 3ರಂದು ಮಿರಿ ಸುಟ್ಟುಹೋಯಿತು. ಕ್ರೈಸ್ತರನ್ನಾಗಿ ಮಾಡಲೆಂದು ಕೆಲವು ಮಕ್ಕಳನ್ನು ಉಳಿಸಿಕೊಂಡರು.

ಇದನ್ನು ನಮಗೆ ಹೇಳಿದವರು ಯಾರು ಗೊತ್ತೇ? ಗಾಮನ ಶತ್ರುಗಳಲ್ಲ. ಅದೇ ಪಡೆಯ ಹಡಗೊಂದರಲ್ಲಿದ್ದ ತೋಮೆ ಲೋಪಿಶ್ ಎಂಬ ಪೋರ್ಚುಗೀಸ್ ಕಾರಕೂನ. ಆ ದಿನವನ್ನು ಜೀವ ಇರುವವರೆಗೂ ಮರೆಯಲಾರೆನೆಂದು ಅವನು ಬರೆದಿಟ್ಟಿದ್ದಾನೆ. ಕ್ರೌರ್ಯ ಎಂಬ ಮಾತನ್ನೂ ಅವನೇ ಆಡಿದ್ದಾನೆ. ಅವನು ಮಾನವ ಹಕ್ಕುಗಳ ಭಾಷಣ ಕೇಳಿ ಬೆಳೆದವನಲ್ಲ. ಗಾಮನ ರಾಜನೇ ಅವನ ರಾಜ, ಗಾಮನ ದೇವರೇ ಅವನ ದೇವರು. ಅವನ ಎದೆ ನಡುಗಿದ್ದು 1502ರಲ್ಲಿ. ಹೀಗಿರುವಾಗ ಗಾಮನನ್ನು ತಪ್ಪಿತಸ್ಥನೆಂದರೆ ಅದು ಇಂದಿನ ನೈತಿಕತೆಯ ಹೇರಿಕೆ ಹೇಗಾಗುತ್ತದೆ?

ಗಾಮನ ಪರವಾಗಿ ಹೇಳಬಹುದಾದ್ದು ಒಂದಿದೆ, ಅದನ್ನು ಮುಚ್ಚಿಡಬೇಡ. 1500ರ ಡಿಸೆಂಬರಿನಲ್ಲಿ ಪೋರ್ಚುಗೀಸ್ ಕಪ್ತಾನ ಕಬ್ರಾಲ್ ಬಂದಿದ್ದಾಗ ಕಲ್ಲಿಕೋಟೆಯಲ್ಲಿ ಗಲಭೆಯೆದ್ದು ಪೋರ್ಚುಗೀಸರ ಕೋಠಿಯಲ್ಲಿದ್ದ ಹತ್ತಾರು ಜನ ಸತ್ತಿದ್ದರು. ಗಾಮ ಅದರ ಸೇಡು ತೀರಿಸಿಕೊಳ್ಳಲು ಬಂದವನು. ಸರಿ, ಆದರೆ ಮೆಕ್ಕಾದಿಂದ ಮರಳುತ್ತಿದ್ದ ಕೂಸು ಯಾವ ಕೋಠಿಗೆ ನುಗ್ಗಿತ್ತು? ಕೆಲವೇ ವಾರಗಳ ನಂತರ ಅವನು ಕಲ್ಲಿಕೋಟೆಯ ಮೇಲೆ ಗುಂಡಿನ ಮಳೆಗರೆದ. ಬಡಪಾಯಿ ಬೆಸ್ತರನ್ನು ಹಡಗಿನ ಅಡ್ಡಮರಗಳಿಗೆ ನೇಣು ಹಾಕಿಸಿ, ಅವರ ತಲೆ, ಕೈ, ಕಾಲು ಕತ್ತರಿಸಿ ದಡಕ್ಕೆ ಕಳಿಸಿದ. ಸೇಡಿಗೂ ಒಂದು ಮಿತಿಯುಂಟೆಂದು ಆ ಕಾಲದ ಕಳ್ಳರಿಗೂ ಗೊತ್ತಿತ್ತು.

ನಾನು ಇಲ್ಲಿ ನೋಡುವುದು ಒಂದನ್ನೇ. ಆ ಮನುಷ್ಯನ ಮುಂದೆ ಬೇರೆ ದಾರಿ ಇತ್ತೇ? ಇದ್ದರೆ ಅದನ್ನು ಅವನಿಗೆ ಯಾರಾದರೂ ತೋರಿಸಿದರೇ? ಮಿರಿಯ ವಿಷಯದಲ್ಲಿ ಬೇರೆ ದಾರಿಯನ್ನು ಹಣ, ಮೆಣಸು, ಸಂಧಾನಗಳ ರೂಪದಲ್ಲಿ ಅವನ ಎದುರಿಗೇ ಇಟ್ಟಿದ್ದರು. ಅವನು ಅದನ್ನು ಕೈಯಾರೆ ತಳ್ಳಿದ. ಹಗ್ಗ ಎಳೆಯುವ ಹುಡುಗನಿಗೂ ಹುಕುಂ ಕೊಡುವ ಕಪ್ತಾನನಿಗೂ ಒಂದೇ ತೀರ್ಪು ಬರೆಯಬೇಡ ಎಂದು ನಾನು ಹೇಳುವುದು ಇದಕ್ಕೇ.

ಕೊಲಂಬಸ್ ವಿಷಯಕ್ಕೂ ಇದೇ ಮಾತು. ಅವನು ತಿಳಿಯದೆ ಹೊತ್ತುತಂದ ರೋಗಗಳಿಂದ ಸತ್ತವರ ಪಾಪವನ್ನು ಅವನ ತಲೆಗೆ ಕಟ್ಟಲಾಗದು. ರೋಗಾಣು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ 1495ರಲ್ಲಿ ಕೆರಿಬಿಯನ್ ದ್ವೀಪಗಳ ಐನೂರಕ್ಕೂ ಹೆಚ್ಚು ಟೈನೋ ಜನರನ್ನು ಗುಲಾಮರಾಗಿ ಮಾರಲು ಸ್ಪೇನಿಗೆ ಸಾಗಿಸಿದ್ದು ತಿಳಿದೇ ಮಾಡಿದ ಕೆಲಸ. ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಾಂಡ್ ಮೊದಲು ಮಾರಾಟಕ್ಕೆ ಒಪ್ಪಿದವರು, ಕೆಲವೇ ದಿನಗಳಲ್ಲಿ ತಡೆದು ಧರ್ಮಶಾಸ್ತ್ರಜ್ಞರನ್ನು ಕೇಳಬೇಕೆಂದರು. ಇದು ಸರಿಯೇ ಎಂಬ ಅನುಮಾನ ಅರಮನೆಯೊಳಗೇ ಎದ್ದಿತ್ತು. 1500ರಲ್ಲಿ ಅವನು ಆಳುತ್ತಿದ್ದ ದ್ವೀಪಕ್ಕೆ ಬಂದ ಬೊಬಾಡಿಯಾ ಎಂಬ ಅಧಿಕಾರಿ ಕೊಲಂಬಸನ ಆಡಳಿತದ ಮೇಲಿನ ದೂರು ಕೇಳಿ, ಅವನ ಕಾಲಿಗೆ ಕೋಳ ತೊಡಿಸಿ ಸ್ಪೇನಿಗೆ ಕಳಿಸಿದ.

ನನಗೆ ಎಲ್ಲಕ್ಕಿಂತ ಹಿಡಿಸಿದ ಮನುಷ್ಯ ಆಂತೋನಿಯೋ ದ ಮೊಂತೆಸಿನೋಸ್ ಎಂಬ ಡೊಮಿನಿಕನ್ ಪಾದ್ರಿ. 1511ರ ಡಿಸೆಂಬರಿನ ಒಂದು ಭಾನುವಾರ ಅದೇ ದ್ವೀಪದ ಸಾಂತೊ ಡೊಮಿಂಗೊದ ಇಗರ್ಜಿಯಲ್ಲಿ ಅವನು ಪ್ರವಚನಕ್ಕೆ ನಿಂತ. ಎದುರಿಗೆ ಕೊಲಂಬಸನ ಮಗ ಡಿಯೇಗೋ, ದ್ವೀಪದ ಜಮೀನುದಾರರು, ಅಧಿಕಾರಿಗಳು. ಈ ಜನರನ್ನು ಯಾವ ಹಕ್ಕಿನಿಂದ ದುಡಿಸಿ ಸಾಯಿಸುತ್ತಿದ್ದೀರಿ, ಇವರೂ ಮನುಷ್ಯರಲ್ಲವೇ, ನೀವೆಲ್ಲ ಮಹಾಪಾಪದಲ್ಲಿ ಮುಳುಗಿದ್ದೀರಿ ಎಂಬ ಅರ್ಥದಲ್ಲಿ ಝಾಡಿಸಿದ. ದೊಡ್ಡವರು ಮಠಕ್ಕೆ ಹೋಗಿ ಮಾತು ಹಿಂತೆಗೆದುಕೊಳ್ಳಬೇಕೆಂದು ಪಟ್ಟುಹಿಡಿದರು. ಮುಂದಿನ ಭಾನುವಾರ ಅವನು ಇನ್ನೂ ಖಾರವಾಗಿ ಅದನ್ನೇ ಹೇಳಿದ. ಕೊಲಂಬಸ್ ಸತ್ತು ಇನ್ನೂ ಐದೇ ವರ್ಷ! ಹೀಗೆ ಹೇಳಿದವರು ಕಡಿಮೆ, ನಿಜ. ಮೊಂತೆಸಿನೋಸನ ಜೊತೆ ಬೆರಳೆಣಿಕೆಯ ಸಂನ್ಯಾಸಿಗಳಷ್ಟೇ ಇದ್ದರು. ಆದರೆ ಕಡಿಮೆ ಜನ ಹೇಳಿದರೆಂದು ಸತ್ಯ ಆ ಕಾಲದ್ದಲ್ಲದೆ ಹೋಗುವುದಿಲ್ಲ.

ಒಳ್ಳೆಯವರನ್ನು ಪೂಜೆಗೆ ಕೂರಿಸುವ ಮೊದಲೂ ಸ್ವಲ್ಪ ತಡೆ. ಅಲ್ಲಿನ ಮೂಲನಿವಾಸಿಗಳಿಗಾಗಿ ಜೀವ ತೇದ ಬಾರ್ತೊಲೊಮೆ ದ ಲಾಸ್ ಕಾಸಾಸ್, ತನಗೆ ಸಿಕ್ಕಿದ್ದ ಬಿಟ್ಟಿ ಆಳುಗಳನ್ನು 1514ರಲ್ಲಿ ಬಿಟ್ಟುಕೊಟ್ಟವನು, ಇವರ ಬದಲು ಆಫ್ರಿಕದಿಂದ ಗುಲಾಮರನ್ನು ತರಿಸಿ ಎಂದು ಸಲಹೆ ಕೊಟ್ಟಿದ್ದ. ಮುಂದೆ ಅದೂ ಅಷ್ಟೇ ಅನ್ಯಾಯವೆಂದು ತಿಳಿದು ಪಶ್ಚಾತ್ತಾಪಪಟ್ಟು ಬರೆದ. ನೋಡು, ಅವನ ತಪ್ಪನ್ನು ಹಿಡಿಯಲು ಐನೂರು ವರ್ಷ ಕಾಯಬೇಕಾಗಲಿಲ್ಲ. ಅವನ ಆಯುಷ್ಯದೊಳಗೇ, ಅವನ ಕೈಯಿಂದಲೇ ಆಯಿತು.

ನಮ್ಮ ಕಡಲಿಗೆ ವಾಪಸು ಬರೋಣ. ಪೋರ್ಚುಗೀಸರ ಬಗ್ಗೆ ಇಲ್ಲಿಯವರು ಸುಮ್ಮನಿದ್ದರೆಂದು ತಿಳಿಯಬೇಡ. ಮಲಬಾರಿನ ಪೊನ್ನಾನಿಯ ವಿದ್ವಾಂಸ ಜೈನುದ್ದೀನ್ ಮಖ್ದೂಮ್ 16ನೇ ಶತಮಾನದ ಕೊನೆಯ ದಶಕಗಳಲ್ಲೇ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದು ಅವರ ದೌರ್ಜನ್ಯಗಳನ್ನು ಒಂದೊಂದಾಗಿ ದಾಖಲಿಸಿದ. ಅತ್ತ ಪೋರ್ಚುಗಲ್‌ನಲ್ಲಿ 1572ರಲ್ಲಿ ಅಚ್ಚಾದ ಕಮೋಯಿಶ್ ಕವಿಯ ‘ಲೂಸಿಯಾದಸ್’ ಗಾಮನ ಯಾತ್ರೆಯನ್ನು ಹಾಡಿ ಹೊಗಳುವ ಮಹಾಕಾವ್ಯ. ಅದರಲ್ಲೂ ಹಡಗು ಹೊರಡುವ ದಡದಲ್ಲಿ ಒಬ್ಬ ಮುದುಕ ನಿಂತು, ಇದು ಕೀರ್ತಿಯ ದುರಾಸೆ, ಜನರನ್ನು ಹಾಳುಮಾಡುವ ಕೆಲಸ ಎಂದು ಬಯ್ಯುತ್ತಾನೆ. ಹೊಗಳಲು ಕೂತ ಕವಿಗೂ ಆ ಮುದುಕನನ್ನು ಬಿಡಲಾಗಲಿಲ್ಲ. (ನನ್ನ ವಯಸ್ಸಿಗೆ ಆ ಮುದುಕನ ಮೇಲೆ ತುಸು ಪಕ್ಷಪಾತ ಇರಬಹುದು.)

ಇನ್ನೊಂದು ಮಾತು ನಿನಗೆ ಕಹಿಯಾದೀತು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವೆಯನ್ನು ಹಿಡಿದಾಗ ಬೆನ್ನಿಗೆ ನಿಂತವನು ನಮ್ಮ ಹೊನ್ನಾವರದ ತಿಮ್ಮಯ್ಯನೇ. ಎಂಟು ವರ್ಷದ ಹಿಂದೆ ಹಡಗು ಸುಡಿಸಿಕೊಂಡವನು! ನವೆಂಬರಿನಲ್ಲಿ ಗೋವೆ ಎರಡನೇ ಸಲ ಕೈವಶವಾದಾಗ ಅಲ್ಬುಕರ್ಕ್ ಅಲ್ಲಿನ ಮುಸಲ್ಮಾನರನ್ನು ಗಂಡು ಹೆಣ್ಣೆನ್ನದೆ ಕೊಲ್ಲಿಸಿ, ಅದನ್ನು ತನ್ನ ರಾಜನಿಗೆ ಹೆಮ್ಮೆಯಿಂದ ಪತ್ರ ಬರೆದು ತಿಳಿಸಿದ. ಅದೇ ಅಲ್ಬುಕರ್ಕ್ ಗೋವೆಯಲ್ಲಿ ಸತಿ ಹೋಗುವುದನ್ನೂ ನಿಲ್ಲಿಸಿದ. ಎರಡೂ ನಿಜ, ಎರಡನ್ನೂ ಹೇಳು. ಉಳಿದ ವಿಧವೆಯರನ್ನು ಸತ್ತವರಿಂದ ಕಳೆದು ಶಿಲ್ಕು ತೆಗೆಯಲು ಹೋಗಬೇಡ. ವಿಜಯನಗರದವರು ಪೋರ್ಚುಗೀಸರಿಂದ ಕುದುರೆ ಕೊಳ್ಳುತ್ತಿದ್ದರು. ಅವರ ಲೆಕ್ಕದಲ್ಲಿ ಈ ಪರಂಗಿಗಳು ಕೆಲಸಕ್ಕೆ ಬರುವ ವ್ಯಾಪಾರಿಗಳು. ಆದ್ದರಿಂದ ಇದನ್ನು ‘ಅವರು ಕೆಟ್ಟವರು, ನಾವು ಒಳ್ಳೆಯವರು’ ಎಂಬ ಯಕ್ಷಗಾನದ ಬಣ್ಣಗಾರಿಕೆಗೆ ಇಳಿಸಿದರೆ ಇತಿಹಾಸವೇ ನಿನ್ನನ್ನು ನೋಡಿ ನಗುತ್ತದೆ.

ಪರರ ಮನೆಗೆ ಹಿಡಿದ ದೀಪವನ್ನು ನಮ್ಮ ಮನೆಗೂ ಹಿಡಿಯಬೇಕಲ್ಲ. ಧಾರವಾಡ ಸೀಮೆಯ ಹೊಟ್ಟೂರಿನಲ್ಲಿ 1007ನೇ ಇಸವಿಯ ಒಂದು ಕನ್ನಡ ಶಾಸನವಿದೆ, ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳರ ರಾಜೇಂದ್ರ ಒಂಬತ್ತು ಲಕ್ಷ ದಂಡಿನೊಂದಿಗೆ ಬಂದು ನಾಡನ್ನು ಸೂರೆಮಾಡಿ, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದನೆಂದು ಅದು ದೂರುತ್ತದೆ. ಒಂಬತ್ತು ಲಕ್ಷ ಎಂಬುದು ಶತ್ರುವಿನ ಬಾಯಿಯ ಲೆಕ್ಕ. ಅದನ್ನು ಹಾಗೇ ನುಂಗಬೇಡ. ಆದರೆ ಹೆಂಗಸು ಮಕ್ಕಳನ್ನು ಕೊಲ್ಲುವುದು ಯುದ್ಧದಲ್ಲೂ ಮಾಡಬಾರದ ಕೆಲಸ, ಕಲ್ಲಿನಲ್ಲಿ ಬರೆದು ಛೀಮಾರಿ ಹಾಕಬೇಕಾದ ಕೆಲಸ ಎಂದು ಸಾವಿರ ವರ್ಷದ ಹಿಂದೆ ನಮ್ಮ ಬಯಲುಸೀಮೆಯಲ್ಲಿ ಗೊತ್ತಿತ್ತು. ಇದನ್ನು ಆಧುನಿಕ ಮೌಲ್ಯ ಎಂದವರಿಗೆ ಆ ಕಲ್ಲನ್ನು ತೋರಿಸು.

ಹಾಗೇ ಅದಕ್ಕೂ ಅರ್ಧ ಶತಮಾನ ಹಿಂದೆ ಹೋಗು. ನಮ್ಮ ರಾಷ್ಟ್ರಕೂಟ ಮೂರನೇ ಕೃಷ್ಣ 949ರಲ್ಲಿ ತಕ್ಕೋಲಮ್‌ನಲ್ಲಿ ಚೋಳರನ್ನು ಸೋಲಿಸಿದ. ಕಂಚಿ, ತಂಜಾವೂರುಗಳನ್ನು ಗೆದ್ದವನೆಂಬ ಬಿರುದು ತಮಿಳುನಾಡಿನ ಶಾಸನಗಳಲ್ಲಿ ಅವನ ಹೆಸರಿನ ಮುಂದೆ ಮೆರೆಯುತ್ತದೆ. ಓದುವಾಗ ನಮ್ಮ ಎದೆ ಉಬ್ಬುತ್ತದೆ. ತಂಜಾವೂರಿನ ರೈತನ ಹೆಂಡತಿಗೆ ಆ ಬಿರುದು ಹೇಗೆ ಕೇಳಿಸಿರಬಹುದು? ಗಾಮನ ಬಗ್ಗೆ ಮಾತಾಡುವ ಅಧಿಕಾರ ಬೇಕಾದರೆ ಈ ಪ್ರಶ್ನೆಯನ್ನೂ ಕೇಳುವ ಗುಂಡಿಗೆ ಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರ. ಸತ್ತವರ ಮೇಲಿನ ತೀರ್ಪನ್ನು ಬದುಕಿರುವವರ ಬೆನ್ನಿಗೆ ಬರೆಯಬೇಡ. ಗೋವೆಯಲ್ಲೋ ಕಾರವಾರದಲ್ಲೋ ನಿನ್ನ ಪಕ್ಕದ ಬೆಂಚಿನಲ್ಲಿ ಕೂರುವ ಪಿಂಟೋ, ಫರ್ನಾಂಡಿಸ್ ಹುಡುಗನಿಗೂ ಮಿರಿ ಹಡಗಿಗೂ ಯಾವ ಸಂಬಂಧವೂ ಇಲ್ಲ. ರಾಜೇಂದ್ರ ಚೋಳನ ಲೆಕ್ಕವನ್ನು ತಮಿಳುನಾಡಿನ ಹೊಸೂರಿನಿಂದ ಬಂದು ಬೆಂಗಳೂರಿನಲ್ಲಿ ದುಡಿಯುವವನ ಹತ್ತಿರ ಚುಕ್ತಾ ಮಾಡಿಸಲು ಹೊರಡುವವರನ್ನು ಕಂಡರೆ ದೂರ ನಿಲ್ಲು. ಸತ್ತ ಗಾಮನಿಗೆ ನಮ್ಮ ಬಯ್ಗುಳದಿಂದ ಆಗಬೇಕಾದ್ದು ಏನೂ ಇಲ್ಲ. ನಾವು ಯಾರನ್ನು ದೊಡ್ಡವನೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ಹೇಳುವಾಗ ಏನನ್ನು ಬಿಡುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಗೋವೆಯ ಬಂದರಿನ ಊರೊಂದಕ್ಕೆ ವಾಸ್ಕೋ ಎಂಬ ಹೆಸರಿದೆ, ಇರಲಿ ಬಿಡು. ರೈಲ್ವೆ ಸ್ಟೇಷನ್ನಿನ ಬೋರ್ಡು ಬದಲಿಸಿದರೆ ಯಾರ ಜೀವವೂ ಮರಳಿ ಬರುವುದಿಲ್ಲ. ಆದರೆ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ 1498 ಎಲ್ಲೆಲ್ಲಿ ಅಚ್ಚಾಗುತ್ತದೋ ಅಲ್ಲೆಲ್ಲ 1502 ಕೂಡ ಅಚ್ಚಾಗಬೇಕು, ತೋಮೆ ಲೋಪಿಶ್‌ನ ಹೆಸರಿನ ಸಮೇತ.