ತೇಲುವ ಕುದುರೆಯ ಗಿಟಾರ್

ವೀಣೆಯ ತಂತಿಗಳನ್ನು ಹೊತ್ತು ನಿಂತಿರುವ ಭಾಗಕ್ಕೆ ಕುದುರೆ ಎಂದು ಹೆಸರು. ಅದು ಅಲುಗಾಡಿದರೆ ಶ್ರುತಿ ಕೆಟ್ಟಿತೆಂದೇ ಅರ್ಥ. ಆದರೆ ಬೇಕೆಂದೇ ಅಲುಗಾಡುವಂತೆ ರಚಿಸಿದ ಕುದುರೆಯೊಂದು ಎಲೆಕ್ಟ್ರಿಕ್ ಗಿಟಾರಿನಲ್ಲಿದೆ. ಅದರ ಮರ್ಮ ತಿಳಿಯದೆ, 'ಇದಕ್ಕೆ ಶ್ರುತಿ ನಿಲ್ಲುವುದಿಲ್ಲ, ಹಾಳಾಗಿದೆ' ಎಂದು ಒಳ್ಳೆಯ ವಾದ್ಯವನ್ನು ಮೂಲೆಗಿಡುವವರು ಹಲವರು. ಭೌತಶಾಸ್ತ್ರದ ಎರಡು ಪಾಠಗಳು ನೆನಪಿದ್ದರೆ ಈ ನಷ್ಟವನ್ನು ತಪ್ಪಿಸಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರನ್ನು ಹೊರತಂದರು. ಅದರ ಕುದುರೆಗೊಂದು ಸರಳು. ಸರಳನ್ನು ಒತ್ತಿದರೆ ಆರು ತಂತಿಗಳೂ ಒಟ್ಟಿಗೆ ಸಡಿಲಗೊಂಡು ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ವೈಣಿಕರು ತಂತಿಯನ್ನು ಪಕ್ಕಕ್ಕೆಳೆದು ಗಮಕ ನುಡಿಸುವುದೂ ಎಳೆತದ ಬದಲಾವಣೆಯಿಂದಲೇ. ಫೆಂಡರ್ ಇದನ್ನು 'ಟ್ರೆಮೊಲೊ' ಎಂದು ಕರೆದರು. ಸಂಗೀತಶಾಸ್ತ್ರದಲ್ಲಿ ಟ್ರೆಮೊಲೊ ಎಂದರೆ ನಾದದ ಗಟ್ಟಿತನದ ಏರಿಳಿತ. ಸ್ವರದ ಏರಿಳಿತಕ್ಕೆ 'ವೈಬ್ರಾಟೊ' ಎಂದು ಹೆಸರು. ಹೆಸರು ತಪ್ಪಾದರೂ ಅದೇ ಉಳಿದುಬಿಟ್ಟಿತು!

ಈಗ ರಚನೆಯನ್ನು ನೋಡೋಣ. ಕುದುರೆಯ ಲೋಹದ ತಗಡು ಮುಂದಿನ ಅಂಚಿನಲ್ಲಿ ಮಾತ್ರ ಸ್ಕ್ರೂಗಳ ಆಧಾರದಲ್ಲಿ ನಿಂತಿದೆ. ಅದೇ ಸನ್ನೆಯ ಆಧಾರ ಬಿಂದು. ಅದರ ಮೇಲುಗಡೆ ತಂತಿಗಳು ಕುದುರೆಯನ್ನು ಗಿಟಾರಿನ ಕತ್ತಿನ ಕಡೆಗೆ ಎಳೆಯುತ್ತವೆ. ಕೆಳಗಡೆ, ಗಿಟಾರಿನ ಬೆನ್ನಿನ ಗೂಡಿನೊಳಗೆ, ಸ್ಪ್ರಿಂಗುಗಳು ಕುದುರೆಗೆ ಕೂಡಿಸಿದ ಲೋಹದ ಗಟ್ಟಿಯನ್ನು ಅದೇ ದಿಕ್ಕಿಗೆ ಎಳೆಯುತ್ತವೆ. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಎಳೆಯುವುದರಿಂದ ಅವು ಕುದುರೆಯನ್ನು ಪರಸ್ಪರ ವಿರುದ್ಧವಾಗಿ ತಿರುಗಿಸಲು ಯತ್ನಿಸುತ್ತವೆ. ಎರಡೂ ಸಮನಾದಾಗ ಕುದುರೆ ತಕ್ಕಡಿಯಂತೆ ತೇಲಿ ನಿಲ್ಲುತ್ತದೆ.

ತೂಗುತ್ತಿರುವ ಭಾರವೇನು ಅಲ್ಪವಲ್ಲ. ತೆಳುವಾದ ಒಂದು ಜೊತೆ ತಂತಿಗಳ ಒಟ್ಟು ಎಳೆತ ಸುಮಾರು 38 ಕಿಲೋಗ್ರಾಂ ತೂಕದಷ್ಟು. ಸ್ವಲ್ಪ ದಪ್ಪನೆಯವಾದರೆ 47ರಷ್ಟು. ಆದ್ದರಿಂದ ತಂತಿಯ ದಪ್ಪ ಬದಲಾದರೆ ಸಮತೋಲವನ್ನೂ ಹೊಸದಾಗಿ ಕೂಡಿಸಬೇಕು. ಸೋನೋಮೀಟರಿನ ಪ್ರಯೋಗದಲ್ಲಿ ಕಂಡಂತೆ, ಕಂಪನದ ಆವೃತ್ತಿಯು ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅರ್ಧಸ್ವರದಷ್ಟು ಏರಿಸಬೇಕಾದರೆ ಎಳೆತವನ್ನು ಸುಮಾರು ನೂರಕ್ಕೆ 12ರಷ್ಟು ಹೆಚ್ಚಿಸಬೇಕು.

ತೊಡಕಿರುವುದು ಇಲ್ಲಿಯೇ. ಒಂದು ತಂತಿಯನ್ನು ಬಿಗಿದಾಗ ಕುದುರೆ ಅಷ್ಟು ಮುಂದಕ್ಕೆ ವಾಲುತ್ತದೆ. ಉಳಿದ ಐದೂ ಸಡಿಲಾಗುತ್ತವೆ. ಅವನ್ನು ಸರಿಪಡಿಸುವಷ್ಟರಲ್ಲಿ ಮೊದಲನೆಯದು ಕೆಟ್ಟಿರುತ್ತದೆ. ಹೊಸಬರು ಗಂಟೆಗಟ್ಟಲೆ ಬಿರಡೆ ತಿರುಗಿಸಿ ಬೇಸರಗೊಳ್ಳಲು ಇದೇ ಕಾರಣ.

ಇದಕ್ಕೊಂದು ಸುಲಭೋಪಾಯವಿದೆ. ಗಿಟಾರಿನ ಬೆನ್ನಿನ ಮುಚ್ಚಳವನ್ನು ತೆಗೆದರೆ, ಸ್ಪ್ರಿಂಗುಗಳ ಇನ್ನೊಂದು ತುದಿ ಸಿಕ್ಕಿಸಿದ ಉಗುರಿನಾಕಾರದ ತಗಡೂ ಅದನ್ನು ಮರಕ್ಕೆ ಹಿಡಿದಿರುವ ಎರಡು ಸ್ಕ್ರೂಗಳೂ ಕಾಣುತ್ತವೆ. ಕುದುರೆಯ ಹಿಂದಿನ ಅಂಚಿನಡಿ ಸುಮಾರು 3 ಮಿ.ಮೀ. ದಪ್ಪಕ್ಕೆ ರಟ್ಟಿನ ತುಂಡುಗಳನ್ನು ಪೇರಿಸಿ ಇಡಿರಿ. ಸ್ಟ್ರಾಟೊಕಾಸ್ಟರಿಗೆ ಫೆಂಡರ್ ಕಂಪೆನಿ ಹೇಳುವ ಅಂತರವೂ ಇಷ್ಟೇ, ಒಂದಂಗುಲದ ಎಂಟನೆಯ ಒಂದು ಭಾಗ. ಬಳಿಕ ಆ ಎರಡು ಸ್ಕ್ರೂಗಳನ್ನು ಬಿಗಿಯಿರಿ. ಈಗ ಸ್ಪ್ರಿಂಗುಗಳದೇ ಮೇಲುಗೈ. ಕುದುರೆ ರಟ್ಟಿನ ಮೇಲೆ ಭದ್ರವಾಗಿ ಕುಳಿತುಕೊಳ್ಳುತ್ತದೆ. ಕದಲದ ಕುದುರೆಯ ಮೇಲೆ ಆರು ತಂತಿಗಳಿಗೂ ನೆಮ್ಮದಿಯಿಂದ ಶ್ರುತಿ ಕೂಡಿಸಿರಿ. ತಂತಿ ಹೊಸದಾದರೆ ಮೆಲ್ಲನೆ ಎಳೆದೆಳೆದು ಹದಗೊಳಿಸಿ ಮತ್ತೊಮ್ಮೆ ಕೂಡಿಸಬೇಕು. ಆಮೇಲೆ ಎರಡೂ ಸ್ಕ್ರೂಗಳನ್ನು ಸಮನಾಗಿ, ಕಾಲು ಸುತ್ತಿನಷ್ಟೇ ತಿರುಗಿಸುತ್ತ ಸಡಿಲಿಸಿರಿ. ರಟ್ಟು ತಡೆಯಿಲ್ಲದೆ ಜಾರಿ ಬಂದು, ಶ್ರುತಿ ಮಾತ್ರ ಕದಲದಿದ್ದರೆ ತಕ್ಕಡಿ ಸಮನಾಯಿತು. ಸ್ವರ ಇಳಿದುಹೋದರೆ ಸಡಿಲಿಕೆ ಹೆಚ್ಚಾಯಿತೆಂದು ತಿಳಿದು ತುಸು ಬಿಗಿಯಿರಿ. ಅವಸರ ಬೇಡ. ಉಕ್ಕಿನ ತಂತಿ ತುಂಡಾಗಿ ಚಿಮ್ಮಿದರೆ ಕಣ್ಣಿಗೆ ಅಪಾಯ; ಮುಖವನ್ನು ದೂರವಿಟ್ಟೇ ಕೆಲಸ ಮಾಡಬೇಕು.

ಇಷ್ಟಾದರೂ ಸರಳನ್ನು ಒತ್ತಿ ಬಿಟ್ಟಾಗ ಸ್ವರ ಸ್ವಸ್ಥಾನಕ್ಕೆ ಮರಳದಿದ್ದರೆ, ಕತ್ತಿನ ತುದಿಯ ಗೀರುಗಳಲ್ಲಿ ತಂತಿ ಸಿಕ್ಕಿಕೊಳ್ಳುತ್ತಿರಬಹುದು. ಗೀರಿಗೆ ಪೆನ್ಸಿಲ್ ಉಜ್ಜಿರಿ. ಗ್ರಾಫೈಟ್ ಒಳ್ಳೆಯ ಜಾರಕ. ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ಗಿಟಾರ್ ವಾದಕರಾದರೋ ಅಲ್ಲಿ ತಂತಿಯನ್ನೇ ಅದುಮಿ ಬೀಗ ಹಾಕುವ ಉಪಾಯ ಕಂಡುಹಿಡಿದು, 1979ರಲ್ಲಿ ಪೇಟೆಂಟ್ ಪಡೆದರು. ಬೀಗ ಹಾಕಿದ ಮೇಲೆ ಬಿರಡೆ ಕೆಲಸಕ್ಕೆ ಬಾರದು. ಆದ್ದರಿಂದ ಅವರ ಕುದುರೆಗೆ ಶ್ರುತಿ ತಿದ್ದುವ ಚಿಕ್ಕ ತಿರುಪುಗಳನ್ನೂ ಅಳವಡಿಸಲಾಯಿತು. ಬೀಗ ಹಾಕುವ ಮೊದಲು ಅವನ್ನು ನಡುಮಟ್ಟದಲ್ಲಿಟ್ಟರೆ ಏರಿಸಲೂ ಇಳಿಸಲೂ ಎಡೆಯಿರುತ್ತದೆ.

ಈ ಗೋಜೇ ಬೇಡವೆಂದು ಸ್ಪ್ರಿಂಗುಗಳನ್ನು ಪೂರ್ತಿ ಬಿಗಿದು ಕುದುರೆಯನ್ನು ಗಿಟಾರಿನ ಮೈಗೆ ಒರಗಿಸುವವರೂ ಇದ್ದಾರೆ. ಅದು ತಪ್ಪಲ್ಲ. ಸ್ವರವನ್ನು ಸರಳಿನಿಂದ ಏರಿಸಲು ಬಾರದು, ಅಷ್ಟೇ. ವೇದಿಕೆಯ ಮೇಲೆ ನುಡಿಸುವವರಿಗೆ ಅದರಿಂದ ಲಾಭವೂ ಉಂಟು. ತೇಲುವ ಕುದುರೆಯಲ್ಲಿ ಒಂದು ತಂತಿ ಕಡಿದರೆ ಸ್ಪ್ರಿಂಗುಗಳು ಗೆದ್ದು ಉಳಿದ ಐದೂ ಒಮ್ಮೆಲೇ ಅಪಶ್ರುತಿಗೆ ಏರುತ್ತವೆ. ಒರಗಿಸಿದ ಕುದುರೆಯಾದರೆ ಐದು ತಂತಿಗಳಲ್ಲೇ ಹಾಡನ್ನು ಮುಗಿಸಬಹುದು.