ರಾಣಿಯ ಉಡುಗೆ, ರಾಣಿಯ ಕೆಲಸ: ಮೈಸೂರು ಅರಸುಮನೆತನದ ಸ್ತ್ರೀಯರ ಚಿತ್ರಣವನ್ನು ಕುರಿತು

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ದಾರಿಯಲ್ಲಿರುವ ಹಂಗಳವು ಮೈಸೂರು ಇತಿಹಾಸದ ಓದುಗರಿಗೆ ಮುಖ್ಯವಾಗಿ ಒಂದು ಕಾರಣಕ್ಕೆ ಪರಿಚಿತ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುನ್ನ ಇಲ್ಲಿ ನಿರ್ಬಂಧದಲ್ಲಿದ್ದರು. ಯಳಂದೂರಿನ ವಿಶಾಲಾಕ್ಷ ಪಂಡಿತ ಅವರ ಒಡನಾಡಿಯಾಗಿದ್ದ. ಸಾಮಾನ್ಯವಾಗಿ ಹೇಳಲಾಗುವ ಈ ವೃತ್ತಾಂತದಲ್ಲಿ ಅರಸನಿದ್ದಾನೆ, ಪಂಡಿತನಿದ್ದಾನೆ, ಅರಮನೆಯ ಹೆಂಗಸರಿಲ್ಲ. ಅದೇ ಯಳಂದೂರಿನಿಂದ ಚಿಕ್ಕದೇವರಾಜರ ರಾಣಿಯಾಗಿ ಹೋದವಳು ದೇವಾಜಮ್ಮಣ್ಣಿ. ಅವಳ ಊಳಿಗದಲ್ಲಿದ್ದು, ಅವಳ ಅಪ್ಪಣೆಯಂತೆ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದವಳು ಹೊನ್ನಮ್ಮ. ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸವೇ ಅವಳ ಹೆಸರಿಗೆ ಅಂಟಿಕೊಂಡು ಸಂಚಿಯ ಹೊನ್ನಮ್ಮ ಎಂದಾಯಿತು. ಊಳಿಗದವಳ ಕೆಲಸ ಹೀಗೆ ಹೆಸರಿನಲ್ಲಾದರೂ ಉಳಿಯಿತು. ಬರೆಯಿಸಿದ ರಾಣಿಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ರಾಜಸ್ತ್ರೀಯರು ಸಾರ್ವಜನಿಕ ಕಣ್ಣಿಗೆ ಬೀಳುವುದು ಉಡುಗೆತೊಡುಗೆಯ ಮೂಲಕ. ಅವರು ಮಾಡಿದ ಕೆಲಸವು ಬೇರೆ ಯಾರದೋ ಲೆಕ್ಕಕ್ಕೆ ಜಮೆಯಾಗುತ್ತದೆ. ಇದು ಇಂದಿನ ಪತ್ರಿಕೆಗಳ ಹಾಗೂ ವಾಹಿನಿಗಳ ಸೃಷ್ಟಿಯಲ್ಲ, ಅವು ಹಳೆಯದೊಂದು ರೂಢಿಯನ್ನು ಮುಂದುವರಿಸಿವೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ರೂಢಿಯನ್ನು ಪರಿಶೀಲಿಸಲು 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ತೈಲಚಿತ್ರ ಒಳ್ಳೆಯ ಪಠ್ಯ. ಅದರಲ್ಲಿ ಮೂವರು ಸ್ತ್ರೀಯರು ರೇಷ್ಮೆ ಹಾಗೂ ಆಭರಣಗಳನ್ನು ಧರಿಸಿ ನಿಂತಿದ್ದಾರೆ. ಬಲಗಡೆಯವಳ ಎಡತೋಳಿನ ಮೇಲಿಂದ ಸೆರಗು ಸರಿದಿದೆ, ಆಕೆಯ ಕೈ ಅತ್ತ ತೋರುತ್ತಿದೆ. ಬಹುಕಾಲ ಇವರನ್ನು ನರ್ತಕಿಯರೆಂದೋ ಗಣಿಕೆಯರೆಂದೋ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯದೇ ವಾದ ಮುಂದಿಟ್ಟರು. ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳು ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಎಡಗಡೆ ನಿಂತ ಹಿರಿಯ ರಾಣಿಯ ಹೆಸರೂ ದೇವಾಜಮ್ಮಣ್ಣಿಯೇ. ಅವಳ ಮೂಗು ಬಾಯಿಗಳ ಸುತ್ತಣ ಬಣ್ಣಗೆಟ್ಟ ಚರ್ಮವು ಹಳೆಯ ಪದ್ಧತಿಯಲ್ಲಿ ಸಿಡುಬು ಹಾಕಿಸಿಕೊಂಡುದರ ಗುರುತು. ಲಸಿಕೆ ಭಾರತಕ್ಕೆ ಬಂದು ಆಗಿನ್ನೂ ಮೂರೇ ವರ್ಷ. ಜನರ ಅಂಜಿಕೆ ಕಳೆಯಲು ಕಂಪನಿ ಸರ್ಕಾರಕ್ಕೆ ರಾಜವಂಶದ ತೋಳೊಂದು ಬೇಕಾಗಿತ್ತು.

ಈ ವಾದವನ್ನು ಒಪ್ಪುವುದಾದರೆ ನಮ್ಮ ಓದಿನ ಚರಿತ್ರೆಯೇ ಪ್ರಶ್ನಾರ್ಹವಾಗುತ್ತದೆ. ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳ ದೇಹವು ವೈದ್ಯಕೀಯ ಪ್ರಚಾರಕ್ಕೆ ಬಳಕೆಯಾಯಿತು. ಆಮೇಲೆ ಬರಿಯ ತೋಳು ಕಂಡಿತೆಂಬ ಕಾರಣಕ್ಕೆ ಅವಳ ಕುಲಗೌರವವೂ ನೋಡುಗರ ಕಣ್ಣಲ್ಲಿ ಅಳಿಯಿತು. ಸೆರಗಿನ ಸ್ಥಾನವೊಂದೇ ರಾಣಿಯನ್ನು ಗಣಿಕೆಯನ್ನಾಗಿಸಿತು. (ಗಣಿಕೆಯೆಂದ ಮಾತ್ರಕ್ಕೆ ಗೌರವ ಏಕೆ ಕಡಿಮೆಯಾಗಬೇಕೆಂಬ ಪ್ರಶ್ನೆಯೂ ಇದೆ, ಅದು ಬೇರೊಂದು ಲೇಖನದ ವಿಷಯ.) ರಾಣಿಯರೊಳಗೇ ಇದ್ದ ತಾರತಮ್ಯವನ್ನೂ ಗಮನಿಸಬೇಕು. ಒಬ್ಬಳ ತೋಳಿನಲ್ಲಿ ಹೊಸ ವಿದ್ಯೆಯ ಗುರುತು, ಇನ್ನೊಬ್ಬಳ ಮುಖದಲ್ಲಿ ಹಳೆಯದರ ಕಲೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸುವುದೇ ಚಿತ್ರದ ತಂತ್ರ.

ಇಂತಹ ಹೋಲಿಕೆಯ ತಂತ್ರವನ್ನು ಬ್ರಿಟನ್ನಿನ ಟ್ಯಾಬ್ಲಾಯ್ಡ್ ಪತ್ರಿಕೆಗಳು ಉದ್ಯಮವನ್ನಾಗಿಯೇ ಬೆಳೆಸಿದವು. ಕೇಟ್ ಗರ್ಭಿಣಿಯಾಗಿದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರೆ ಅದು ಮಮತೆಯೆನಿಸಿತು. 2019ರಲ್ಲಿ ಮೇಗನ್ ಹಾಗೆಯೇ ಮಾಡಿದಾಗ ಪ್ರದರ್ಶನವೆನಿಸಿತು. ಅವರು ತೊಟ್ಟ ಉಡುಪು ಅಂಗಡಿಗಳಲ್ಲಿ ಬೇಗನೆ ಖರ್ಚಾಗುತ್ತಿದ್ದುದರಿಂದ ಹೊಗಳಿಕೆಯಲ್ಲೂ ತೆಗಳಿಕೆಯಲ್ಲೂ ವ್ಯಾಪಾರವಿತ್ತು. ಮೇಗನ್ ತಂದೆಗೆ ಬರೆದ ಖಾಸಗಿ ಪತ್ರವನ್ನು ಅಚ್ಚುಮಾಡಿದ ಪತ್ರಿಕಾ ಸಂಸ್ಥೆಯ ವಿರುದ್ಧ 2021ರಲ್ಲಿ ನ್ಯಾಯಾಲಯದಲ್ಲಿ ಗೆದ್ದರು. ಅಲ್ಲಿನ ವರ್ಣಭೇದದ ಆಯಾಮ ನಮ್ಮಲ್ಲಿ ಇದ್ದಂತೆಯೇ ಇಲ್ಲ; ಆದರೆ ಸೊಸೆಯರನ್ನು ತೂಗಿನೋಡುವ ತಕ್ಕಡಿ ನಮಗೇನೂ ಹೊಸದಲ್ಲ.

ಮೈಸೂರಿನಲ್ಲಿ ಈ ತಕ್ಕಡಿ ಅಲಮೇಲಮ್ಮನ ಐತಿಹ್ಯದೊಂದಿಗೆ ಬೆರೆತಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಒಡವೆಗಾಗಿ ಬಂದವರಿಂದ ತಪ್ಪಿಸಿಕೊಂಡು ಮಾಲಂಗಿಯ ಮಡುವಿಗೆ ಹಾರಿದ ಆಕೆ ಅರಸರಿಗೆ ಮಕ್ಕಳಾಗದಿರಲೆಂದು ಶಪಿಸಿದಳೆಂದು ಪ್ರತೀತಿ. ಕಥೆಯ ಮೂಲದಲ್ಲಿರುವುದು ಆಭರಣದ ಮೇಲೆ ಹೆಣ್ಣಿಗಿರುವ ಹಕ್ಕಿನ ಪ್ರಶ್ನೆ. ಯದುವೀರ ಒಡೆಯರ ದಂಪತಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗು ಜನಿಸಿದಾಗ ಸುದ್ದಿಮಾಧ್ಯಮಗಳಿಗೆ ಆ ಪ್ರಶ್ನೆ ಬೇಕಾಗಲಿಲ್ಲ. ಶಾಪ ಕಳೆಯಿತೇ ಎಂಬುದಷ್ಟೇ ಬೇಕಾಯಿತು. ಶಾಪವನ್ನು ಅರಸರಿಗೆ ಕೊಟ್ಟದ್ದೆಂದು ಹೇಳುತ್ತಲೇ ಅದರ ಭಾರವನ್ನು ಪ್ರತಿ ತಲೆಮಾರಿನ ರಾಣಿಯ ಒಡಲಿನ ಮೇಲೆ ಹೊರಿಸುವುದು ಈ ಬಗೆಯ ಬರವಣಿಗೆಯ ಸ್ವಭಾವ.

ಉಡುಗೆಯ ವಿಷಯದಲ್ಲಿ ಗಂಡಿಗೂ ಹೆಣ್ಣಿಗೂ ಇರುವ ಅಂತರ ಇನ್ನೂ ನಿಚ್ಚಳ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ‘ರಾಯಲ್ ಸಿಲ್ಕ್ ಆಫ್ ಮೈಸೂರ್’ ಹೆಸರಿನಲ್ಲಿ ರೇಷ್ಮೆ ಸೀರೆಗಳನ್ನು ರೂಪಿಸಿ ಪ್ರಚಾರ ಮಾಡಿದರು. ಅದು ಅವರ ಕಲಾಭಿರುಚಿಯೆಂದೂ ಉದ್ಯಮವೆಂದೂ ದಾಖಲಾಯಿತು; ಸೀರೆಯನ್ನು ಉಡುವ ರಾಣಿಗೆ ಅಂತಹ ಕರ್ತೃತ್ವ ದಕ್ಕುವುದಿಲ್ಲ. 2013ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ನಂತರ ಮನೆತನದ ವ್ಯವಹಾರಗಳನ್ನೂ ಆಸ್ತಿಯ ವ್ಯಾಜ್ಯಗಳನ್ನೂ ನಿರ್ವಹಿಸಿದವರು ಪ್ರಮೋದಾದೇವಿ ಒಡೆಯರ್. 2015ರಲ್ಲಿ ದತ್ತು ಸ್ವೀಕರಿಸಿದವರೂ ಅವರೇ. ನಡುವೆ ಬಂದ 2014ರ ದಸರೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲಿದ್ದುದು ಪಟ್ಟದ ಕತ್ತಿ. ಸಂಪ್ರದಾಯವನ್ನು ಇಲ್ಲಿ ದೂರುತ್ತಿಲ್ಲ; ಆದರೆ ಮನೆಯನ್ನು ನಡೆಸುತ್ತಿದ್ದ ಹೆಣ್ಣಿಗಿಂತ ಕತ್ತಿಯೇ ಅರಸುತನಕ್ಕೆ ಹತ್ತಿರವೆಂಬ ಆ ಸಂಕೇತವನ್ನು ಸಂಶೋಧಕರು ಓದದೆ ಬಿಡಲಾಗದು.

ನೂರಿಪ್ಪತ್ತು ವರ್ಷಗಳ ಹಿಂದೆಯೂ ಇಂಥದೇ ಸಂದರ್ಭವಿತ್ತು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ನಿಧನರಾದಾಗ ಮಗ ನಾಲ್ವಡಿ ಕೃಷ್ಣರಾಜರು ಬಾಲಕ. ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು 1902ರ ಆಗಸ್ಟಿನವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಅರಮನೆ ಸುಟ್ಟದ್ದು, ಪ್ಲೇಗು ಬಂದದ್ದು, ಹಿರಿಯೂರಿನ ಬಳಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮೊದಲಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಎಲ್ಲವೂ ಆ ಅವಧಿಯಲ್ಲಿ. ಪಠ್ಯಪುಸ್ತಕಗಳು ಇವನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಾಧನೆಯೆಂದು ಕಲಿಸುತ್ತವೆ. ದಿವಾನರ ಪಾಲು ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಆದರೂ ಅಯ್ಯರ್ 1901ರಲ್ಲಿ ನಿವೃತ್ತರಾದರು, ವಿದ್ಯುತ್ತು ಹರಿದದ್ದು 1902ರ ಜೂನ್ 30ರಂದು. ರಾಜಪ್ರತಿನಿಧಿಯ ಹೆಸರು ವಾಣಿವಿಲಾಸ ಸಾಗರದಲ್ಲಿ ಉಳಿಯಿತು. ಅದೂ ಸ್ವಂತ ಹೆಸರಲ್ಲ, ಸನ್ನಿಧಾನದ ಹೆಸರು.

ಸನ್ನಿಧಾನದ ಹೆಸರಿನಿಂದ ಕರೆಯುವ ಈ ಕ್ರಮ ಲಕ್ಷ್ಮೀವಿಲಾಸ, ರಮಾವಿಲಾಸ, ಕೃಷ್ಣವಿಲಾಸ ಎಂದು ಮುಮ್ಮಡಿಯವರ ರಾಣಿಯರಲ್ಲಿಯೂ ಕಂಡುಬರುತ್ತದೆ. ಗೌರವಸೂಚಕವಾದ ಈ ಕ್ರಮವು ವ್ಯಕ್ತಿಯನ್ನು ಅವಳಿರುವ ತೊಟ್ಟಿಯೊಂದಿಗೆ ಸಮೀಕರಿಸುತ್ತದೆ. ಮುಮ್ಮಡಿಯವರು ತಂದೆಯ ನೆನಪಿಗೆ ಕಟ್ಟಿಸಿದ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದಲ್ಲಿ ದೇವಿಗೆ ಅವರ ತಾಯಿ ಕೆಂಪನಂಜಮ್ಮಣ್ಣಿಯ ಹೆಸರಿನಿಂದ ಕೆಂಪನಂಜಾಂಬೆಯೆಂದು ಹೆಸರು. ಅಲ್ಲಿ ಅರಸರ ಹಾಗೂ ರಾಣಿಯರ ಪ್ರತಿಮೆಗಳೂ ಕೈಮುಗಿದು ನಿಂತಿವೆ. ಶಿಲ್ಪಿ ನಿರಿಗೆ, ಒಡವೆಗಳನ್ನು ಎಚ್ಚರದಿಂದ ಕಡೆದಿದ್ದಾನೆ. ನಮ್ಮ ವಿದ್ಯಾರ್ಥಿಗಳು ವೇಷಭೂಷಣದ ಅಧ್ಯಯನಕ್ಕೆಂದು ಅಲ್ಲಿಗೆ ಹೋಗುವುದುಂಟು. ಹೋದಾಗ ಆ ರಾಣಿಯರು ಯಾವ ಊರುಗಳಿಂದ ಬಂದವರು, ಯಾವ ದತ್ತಿಗಳನ್ನು ಬಿಟ್ಟವರು, ಯಾರಿಂದ ಏನನ್ನು ಬರೆಯಿಸಿದವರು ಎಂಬುದನ್ನೂ ಟಿಪ್ಪಣಿ ಪುಸ್ತಕದಲ್ಲಿ ಸೇರಿಸಿಕೊಳ್ಳಲಿ.