ಕಾವು ಮರೆತ ಹಕ್ಕಿ
(ಮನೆಯೊಳಗೆ ಕ್ವೇಲ್ ಸಾಕಿ ನಾನು ಕಲಿತ ಪಾಠ)



ಹೋದ ಬೇಸಿಗೆ ರಜೆಯಲ್ಲಿ ನಮ್ಮ ಸೋದರಮಾವ ಒಂದು ರಟ್ಟಿನ ಪೆಟ್ಟಿಗೆಯಲ್ಲಿ 15 ಕ್ವೇಲ್ ಮರಿಗಳನ್ನು ತಂದುಕೊಟ್ಟರು. ಮೊಟ್ಟೆಯಿಂದ ಹೊರಬಂದು ಎರಡೇ ದಿನ ಆಗಿತ್ತು. ಒಂದೊಂದೂ ದೊಡ್ಡ ಜೇನುಹುಳದಷ್ಟೇ ಇದೆಯೇನೋ ಅನ್ನಿಸುವಷ್ಟು ಚಿಕ್ಕದು. ತೂಕ 10 ಗ್ರಾಂ ಕೂಡ ಇರುವುದಿಲ್ಲ. ಒಂದೇ ವಾರದಲ್ಲಿ ಅವುಗಳಲ್ಲಿ 6 ಸತ್ತುಹೋದವು. ರೋಗದಿಂದಲ್ಲ, ನನಗೆ ಗೊತ್ತಿಲ್ಲದ್ದರಿಂದ. ನಿಮ್ಮಲ್ಲಿ ಯಾರಾದರೂ ಸಾಕಿದರೆ ಆ ತಪ್ಪು ಆಗಬಾರದು ಎಂದು ಈ ಪಾಠ ಬರೆಯುತ್ತಿದ್ದೇನೆ.

ಇದು ಯಾವ ಹಕ್ಕಿ?

ನಮ್ಮೂರಲ್ಲಿ ಕೆಲವರು ಇದನ್ನು ಗೌಜಲಕ್ಕಿ ಅಂತಾರೆ. ಗೌಜಲಕ್ಕಿ ಬೇರೆ, ಅದು ಇದಕ್ಕಿಂತ ದೊಡ್ಡದು. ಕ್ವೇಲ್ ಎಂದರೆ ಹೊಲದಲ್ಲಿ ನಾವು ಕಾಲಿಟ್ಟಾಗ ಬುರ್ರನೆ ಏಳುವ ಬುರ್ಲಿ ಹಕ್ಕಿಯ ಬಳಗ. ಆದರೆ ಸಾಕುವುದು ಹೊಲದ ಬುರ್ಲಿಯನ್ನಲ್ಲ, ಜಪಾನೀ ಕ್ವೇಲನ್ನು. ಜಪಾನಿನಲ್ಲಿ ಇದನ್ನು ಮೊದಲು ಕೂಗು ಕೇಳುವುದಕ್ಕೆಂದು ಸಾಕುತ್ತಿದ್ದರು. 20ನೇ ಶತಮಾನದ ಮೊದಲ ಭಾಗದಿಂದ ಮೊಟ್ಟೆ, ಮಾಂಸಕ್ಕಾಗಿ ಸಾಕತೊಡಗಿದರು. ನಮ್ಮ ದೇಶಕ್ಕೆ ಇದು 1974ರಲ್ಲಿ ಬಂತು.

ಹೊಲದ ಬುರ್ಲಿಯನ್ನು ಉರುಲು ಹಾಕಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮರಿಗಳನ್ನು ಸಾಕಾಣಿಕೆ ಮಾಡುವವರ ಹತ್ತಿರವೇ ಕೊಳ್ಳಬೇಕು.

ತಾಯಿ ಯಾಕೆ ಕಾವು ಕೂರುವುದಿಲ್ಲ?

ನಮ್ಮ ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಾವಿಗೆ ಕೂತ ಮೇಲೆ ಮೊಟ್ಟೆ ಇಡುವುದಿಲ್ಲ. ಮನುಷ್ಯರಿಗೆ ಬೇಕಾದದ್ದು ಮೊಟ್ಟೆ. ಅದಕ್ಕೆ ಮೊಟ್ಟೆಗಳನ್ನು ಎತ್ತಿಕೊಂಡು ಯಂತ್ರದಲ್ಲಿ ಮರಿ ಮಾಡಿಸಿದರು. ಹೆಚ್ಚು ಮೊಟ್ಟೆ ಇಟ್ಟ ಹಕ್ಕಿಗಳ ಮರಿಗಳನ್ನೇ ಆರಿಸಿ ಬೆಳೆಸಿದರು. ತಲೆಮಾರಿನಿಂದ ತಲೆಮಾರಿಗೆ ಹೀಗೇ ನಡೆದು, ಸಾಕಿದ ಕ್ವೇಲಿಗೆ ಕಾವು ಕೂರುವ ಗುಣವೇ ಹೊರಟುಹೋಯಿತು. ಎಲ್ಲೋ ಒಂದು ಮೊಟ್ಟೆ ಇಟ್ಟು ತನ್ನ ಪಾಡಿಗೆ ತಾನು ಹೋಗುತ್ತದೆ.

ಇದನ್ನು ಕೇಳಿ ನಮ್ಮಜ್ಜಿ, "ಹಂಗಾದ್ರೆ ಅದರ ತಾಯಿ ಕೆಲ್ಸ ನೀನೇ ಮಾಡ್ಬೇಕು ಕಣ್ ಮಗ" ಅಂದರು. ಇಡೀ ಪಾಠದ ಸಾರ ಇಷ್ಟೇ. ತಾಯಿಕೋಳಿ ಏನೇನು ಮಾಡುತ್ತದೋ ಅದನ್ನೆಲ್ಲ ನಾವು ಮಾಡಬೇಕು.

ಮೊದಲ ಕೆಲಸ: ಬಿಸಿ

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ನಾನು ಪೆಟ್ಟಿಗೆಯ ಮೇಲೆ ಎಲ್‌ಇಡಿ ಬಲ್ಬು ಕಟ್ಟಿದೆ. ಬೆಳಕು ಜೋರಾಗಿತ್ತು, ನಾನೂ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು. ಅಡಿಯಲ್ಲಿದ್ದ 2 ಮರಿ ಸತ್ತಿದ್ದವು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಬಿಸಿ ಕೊಡುವುದಿಲ್ಲ. ಇದಕ್ಕೆ ತಂತಿ ಕಾಯುವ ಹಳೇ ಕಾಲದ 60 ವ್ಯಾಟಿನ ಬಲ್ಬೇ ಬೇಕು. ರಟ್ಟಿಗೆ, ಬಟ್ಟೆಗೆ ಅದು ತಾಗದಂತೆ ಭದ್ರವಾಗಿ ಕಟ್ಟಬೇಕು.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿ ಚೀಂಗುಟ್ಟಿದರೆ ಚಳಿ. ಮೂಲೆಗೆ ಹೋಗಿ ಬಾಯಿ ತೆರೆದು ತೇಕಿದರೆ ಸೆಕೆ. ಪೆಟ್ಟಿಗೆಯ ತುಂಬ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ. ಕರೆಂಟು ಹೋದರೆ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ನಡುವೆ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಬೇಡಿ. ಅದರ ವಿಷಗಾಳಿ ಹಕ್ಕಿಗೂ ಕುತ್ತು, ನಮಗೂ ಕುತ್ತು.

ಎರಡನೇ ಕೆಲಸ: ನೀರು

ಮರುದಿನ ಅಂಗೈಯಗಲದ ತಟ್ಟೆಯಲ್ಲಿ ನೀರಿಟ್ಟೆ. ಆಳ ಒಂದು ಅಂಗುಲವೂ ಇರಲಿಲ್ಲ. ಅದರಲ್ಲೇ 3 ಮರಿ ಬಿದ್ದು ಸತ್ತವು. ಇಷ್ಟು ಸಣ್ಣ ಮರಿಗೆ ಅದೇ ಕೆರೆ. ನೀರಿನ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲು ಅಥವಾ ಗೋಲಿ ತುಂಬಿ, ಅವುಗಳ ಸಂದಿಯಲ್ಲಿ ಕೊಕ್ಕು ಅದ್ದುವಷ್ಟು ಮಾತ್ರ ನೀರು ಇರಬೇಕು. ಇದಾದ ಮೇಲೆ ಒಂದೂ ಮುಳುಗಲಿಲ್ಲ.

ಮೂರನೇ ಕೆಲಸ: ಕಾಲೂರಲು ನೆಲ

ನಾನು ಪೆಟ್ಟಿಗೆಯ ತಳಕ್ಕೆ ನ್ಯೂಸ್‌ಪೇಪರ್ ಹಾಸಿದ್ದೆ. ಅದು ಜಾರುತ್ತದೆ. ಒಂದು ಮರಿಯ ಕಾಲುಗಳು ಎರಡೂ ಕಡೆಗೆ ಸರಿದುಹೋಗಿ ಅದು ಮತ್ತೆ ಎದ್ದು ನಿಲ್ಲಲೇ ಇಲ್ಲ. ಆರನೆಯದು ಅದೇ. ಮೊದಲ ವಾರ ಗೋಣಿತಟ್ಟಿನಂಥ ಒರಟು ಬಟ್ಟೆ ಹಾಸಬೇಕು, ಆಮೇಲೆ ಭತ್ತದ ಹೊಟ್ಟು.

ನಿಮಗೆ ಗೊತ್ತೇ? 1990ರಲ್ಲಿ ಮಿರ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಇದೇ ಜಪಾನೀ ಕ್ವೇಲಿನ ಮೊಟ್ಟೆಗಳಿಂದ ಮರಿಗಳು ಹೊರಬಂದವು. ಭೂಮಿಯ ಹೊರಗೆ ಹುಟ್ಟಿದ ಮೊದಲ ಹಕ್ಕಿಗಳು ಅವು. ಆದರೆ ಅಲ್ಲಿ ತೂಕವೇ ಇಲ್ಲವಲ್ಲ, ಕಾಲೂರಲಾಗದೆ ತೇಲಾಡಿದವು. ಮೇವಿನ ಹತ್ತಿರ ನಿಲ್ಲಲೂ ಆಗಲಿಲ್ಲ. ಇದನ್ನು ಓದಿದಾಗ ನನಗೆ ನನ್ನ ನ್ಯೂಸ್‌ಪೇಪರ್ ನೆನಪಾಯಿತು.

ಗೂಡು, ಮೇವು, ಬೆಳಕು

ಉಳಿದ 9 ಹಕ್ಕಿಗಳಿಗೆ ಅಪ್ಪ 3 ಅಡಿ ಉದ್ದ, 2 ಅಡಿ ಅಗಲದ ಗೂಡು ಮಾಡಿಕೊಟ್ಟರು. ಎತ್ತರ ಒಂದು ಅಡಿಗಿಂತ ಸ್ವಲ್ಪ ಕಡಿಮೆ. ಯಾಕೆಂದರೆ ಕ್ವೇಲ್ ಬೆದರಿದರೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಗೂಡು ಎತ್ತರವಿದ್ದಷ್ಟೂ ವೇಗ ಹೆಚ್ಚಿ ತಲೆ ಒಡೆದುಕೊಳ್ಳುತ್ತದೆ. ಮೇಲಿನ ತಂತಿಬಲೆಯ ಒಳಗೆ ಗೋಣಿಬಟ್ಟೆ ಕಟ್ಟಿದ್ದೇವೆ. ಬೆಕ್ಕು, ಇಲಿ, ಹಾವು ನುಗ್ಗದ ಹಾಗೆ ಬಲೆಯ ಕಣ್ಣು ಸಣ್ಣದಿರಬೇಕು. ಒಂದು ತಟ್ಟೆಯಲ್ಲಿ ಒಣ ಮರಳು ಇಟ್ಟರೆ ಅದರಲ್ಲಿ ಹೊರಳಿ ಧೂಳಿನ ಸ್ನಾನ ಮಾಡ್ತವೆ, ನೋಡೋಕೆ ಚೆಂದ.

ಬರೀ ನುಚ್ಚು, ರಾಗಿ ಹಾಕಿದರೆ ಸಾಲದು. ಮರಿಗಳಿಗೆ ಪ್ರೋಟೀನು ಹೆಚ್ಚು ಬೇಕು. ಅಂಗಡಿಯಲ್ಲಿ ಸಿಗುವ ಕೋಳಿಮರಿ ಮೇವನ್ನು ಇನ್ನೂ ನುಣ್ಣಗೆ ಕುಟ್ಟಿ ಹಾಕಿದೆ. ಬೂಷ್ಟು ಹಿಡಿದ ಮೇವು ವಿಷ, ಹಾಕಲೇಬಾರದು. ಮೊಟ್ಟೆ ಇಡಲು ಶುರುವಾದ ಮೇಲೆ ಸುಣ್ಣದ ಅಂಶ ಬೇಕು. ನಮ್ಮಲ್ಲಿ ಒಂದೆರಡು ಮೊಟ್ಟೆ ತೊಗಲಿನ ಹಾಗೆ ಮೆತ್ತಗೆ ಬಂದವು. ಕಪ್ಪೆಚಿಪ್ಪಿನ ಪುಡಿ ಇಟ್ಟ ಮೇಲೆ ಸರಿಹೋಯಿತು.

ಮೂರು ವಾರಕ್ಕೆ ಗಂಡು ಹೆಣ್ಣು ಗೊತ್ತಾಗುತ್ತದೆ. ಗಂಡಿನ ಎದೆ ಕೆಂಗಂದು, ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆ. ನಮ್ಮಲ್ಲಿ 6 ಹೆಣ್ಣು, 3 ಗಂಡು. ಒಂದು ಗಂಡಿಗೆ ಎರಡು ಮೂರು ಹೆಣ್ಣಿರಬೇಕು. ಗಂಡು ಹೆಚ್ಚಾದರೆ ಕಿತ್ತಾಡ್ತವೆ. ತಿನ್ನುವ ಮೊಟ್ಟೆಗಾದರೆ ಗಂಡೇ ಬೇಕಿಲ್ಲ, ಮರಿಯಾಗುವ ಮೊಟ್ಟೆಗೆ ಮಾತ್ರ ಬೇಕು.

ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಹಗಲು ಉದ್ದವಾದರೆ ಮೊಟ್ಟೆ ಇಡುವ ಕಾಲ ಬಂತು ಎಂದು ಹಕ್ಕಿಯ ಮೈ ತಿಳಿಯುತ್ತದೆ. ಅದಕ್ಕೆ ರಾತ್ರಿ 9ರವರೆಗೆ ದೀಪ ಹಾಕಿರುತ್ತೇವೆ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಸಾಕು!

ನನ್ನ ಲೆಕ್ಕದ ಪುಸ್ತಕದಿಂದ

45ನೇ ದಿನ ಮೊದಲ ಮೊಟ್ಟೆ ಸಿಕ್ಕಿತು. ಎಲ್ಲವೂ ಇಡಲು ಶುರುಮಾಡಿದ ಮೇಲೆ 30 ದಿನ ಬರೆದಿಟ್ಟ ಲೆಕ್ಕ ಇದು:

ಮೊಟ್ಟೆ: 141. ಒಂದಕ್ಕೆ ಸುಮಾರು 10 ಗ್ರಾಂ. ಐದು ಸೇರಿದರೆ ಒಂದು ಕೋಳಿಮೊಟ್ಟೆಯ ತೂಕ. ಅಂದರೆ ಸುಮಾರು 28 ಕೋಳಿಮೊಟ್ಟೆಗೆ ಸಮ.
ಮೇವು: ಒಂದು ಹಕ್ಕಿಗೆ ದಿನಕ್ಕೆ 25 ಗ್ರಾಂ. 9 ಹಕ್ಕಿಗೆ 225 ಗ್ರಾಂ. 30 ದಿನಕ್ಕೆ 6 ಕಿಲೋ 750 ಗ್ರಾಂ.

ಇದರಲ್ಲಿ ಮೊಟ್ಟೆ ಇಡದ 3 ಗಂಡುಗಳು ತಿಂದದ್ದೇ 2 ಕಿಲೋ 250 ಗ್ರಾಂ. ಒಂಬತ್ತು ಹಕ್ಕಿಯಿಂದ ದುಡ್ಡು ಮಾಡ್ತೀನಿ ಅಂದರೆ ಆಗದ ಮಾತು. ಮನೆಯ ಮಕ್ಕಳಿಗೆ ಮೊಟ್ಟೆ ಆಯಿತು, ಅಷ್ಟೇ.

ಎಚ್ಚರಿಕೆ

1. ಗೂಡನ್ನು ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಹಿಕ್ಕೆಯ ಘಾಟು ಮತ್ತು ಧೂಳು ಉಸಿರಿಗೆ ಒಳ್ಳೆಯದಲ್ಲ. ನಮ್ಮದು ಗಾಳಿಯಾಡುವ ಹಿತ್ತಿಲ ಕೋಣೆಯಲ್ಲಿದೆ.
2. ಹಕ್ಕಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮೊಟ್ಟೆ ಚೆನ್ನಾಗಿ ಬೇಯಿಸಿ ತಿನ್ನಿ.
3. ಕ್ವೇಲ್ ಮೊಟ್ಟೆ ತಿಂದರೆ ಉಬ್ಬಸ ಹೋಗುತ್ತೆ ಅಂತಾರೆ. ಅದು ಒಳ್ಳೆಯ ಆಹಾರ, ಔಷಧಿ ಅಲ್ಲ. ಉಬ್ಬಸದವರು ಡಾಕ್ಟರ ಔಷಧಿ ಬಿಡಬಾರದು.
4. ಹಕ್ಕಿಗಳು ಒಟ್ಟೊಟ್ಟಿಗೆ ಸತ್ತರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಕೊನೆಯ ಮಾತು

ದೀಪಾವಳಿ ಕಳೆದ ಮೇಲೆ ಅಜ್ಜಿ, "ತಾಳು, ಒಂದು ನೋಡೇಬಿಡಾನ" ಎಂದು ಕಾವಿಗೆ ಕೂತಿದ್ದ ಸಣ್ಣ ನಾಟಿ ಕೋಳಿಯ ಅಡಿಯಲ್ಲಿ 8 ಕ್ವೇಲ್ ಮೊಟ್ಟೆ ಇಟ್ಟರು. (ಕೋಳಿಗೆ ರೋಗವಿದ್ದರೆ ಹೀಗೆ ಮಾಡಬಾರದು, ಮರಿಗಳಿಗೂ ಅಂಟುತ್ತದೆ.) ಕೋಳಿಮೊಟ್ಟೆಗೆ 21 ದಿನ ಬೇಕು, ಇವಕ್ಕೆ 17-18 ದಿನ ಸಾಕು. 18ನೇ ದಿನ ಬೆಳಿಗ್ಗೆ 5 ಮರಿ ಬಂದಿದ್ದವು. ಕೋಳಿ ಲೊಕ್ ಲೊಕ್ ಅಂತ ಕರೆಯಿತು. ಐದೂ ಓಡಿಹೋಗಿ ಅದರ ರೆಕ್ಕೆಯ ಕೆಳಗೆ ನುಗ್ಗಿದವು. ಬಲ್ಬು ಬೇಕಾಗಲಿಲ್ಲ. ನೀರಿಗೆ ಗೋಲಿ ಮಾತ್ರ ಮರೆಯದೆ ಹಾಕಿದೆ.

ಕಾವು ಕೂರುವುದನ್ನು ಈ ಹಕ್ಕಿ ಮರೆತಿದೆ. ಆದರೆ ತಾಯಿಯ ರೆಕ್ಕೆ ಹುಡುಕುವುದನ್ನು ಅದರ ಮರಿ ಮರೆತಿಲ್ಲ. ಅದಕ್ಕೇ ಸಾಕುವ ಮೊದಲು, ಆ ರೆಕ್ಕೆಯ ಕೆಲಸ ನನ್ನಿಂದ ಆಗುತ್ತಾ ಎಂದು ನಾವು ಕೇಳಿಕೊಳ್ಳಬೇಕು.

ಓದಿದವರಿಗೆ ಎರಡು ಪ್ರಶ್ನೆ:
1. ಗಂಡುಗಳನ್ನು ಬಿಟ್ಟು 6 ಹೆಣ್ಣು ಮಾತ್ರ ಸಾಕಿದರೆ 30 ದಿನಕ್ಕೆ ಎಷ್ಟು ಮೇವು ಬೇಕು?
2. ಮರಿಗಳು ಮೂಲೆಗೆ ಹೋಗಿ ಬಾಯಿ ತೆರೆದು ತೇಕುತ್ತಿವೆ. ನೀವು ಬಲ್ಬನ್ನು ಏನು ಮಾಡುತ್ತೀರಿ?

ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ.